ನಾನು ಕುಡಿದ ಔಸ್ದಿ

ನಾನು ಔಷಧಿ ಕುಡಿದು ಪ್ರಾಣ ಕಳೆದುಕೊಳ್ಳಲು ಹೋಗಿದ್ದೆ ಎಂದು ಬೆಳಕವಾಡಿಯಲ್ಲಿ ಈಗಲೂ ಕೆಲವರು ನಂಬಿಕೊಂಡಿದ್ದಾರೆ. ಊರಿಗೆ ಹೋದಾಗ ಅಂಗಡಿ ಜಗಲಿಯ ಮೇಲೆ ಕೂತವರು ಮಾತು ನಿಲ್ಲಿಸಿ, ಸ್ವಲ್ಪ ಸರಿದು ಜಾಗ ಕೊಟ್ಟು, ಎಲ್ಲಿ ಒಡೆದುಹೋಗುತ್ತೇನೋ ಎಂಬಂತೆ ಮೆಲ್ಲಗೆ ಮಾತಾಡಿಸುತ್ತಾರೆ. "ಜೀವಕ್ಕಿಂತ ದೊಡ್ದು ಯಾವ್ದದೆ ಕಣ್ಲಾ ಪುಟ್ಟಸ್ವಾಮಿ" ಎಂದು ಒಬ್ಬರಾದರೂ ಹೇಳದೆ ಬಿಡುವುದಿಲ್ಲ. ಮೊದಮೊದಲು ರೇಗುತ್ತಿದ್ದೆ. ರೇಗಿದರೆ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದರೆ ಅವರಿಗೆ ಇನ್ನಷ್ಟು ಕನಿಕರ ಉಕ್ಕುತ್ತಿತ್ತು. ಈಗ ಸುಮ್ಮನೆ ಹೂಂ ಎನ್ನುತ್ತೇನೆ. ಅವರ ಮಾತೇನೂ ಸುಳ್ಳಲ್ಲವಲ್ಲ.

ಆದರೂ ನಿಜವಾಗಿ ಆದದ್ದೇನು ಎಂದು ಒಮ್ಮೆ ಹೇಳಬೇಕು ಅನ್ನಿಸಿದೆ. ಎದೆಯೊಳಗೆ ಸಿಳ್ಳೆ ಹೊಡೆಯುವ ಉಸಿರನ್ನು ಇಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಇದು ನನಗೊಬ್ಬನಿಗೇ ಆಯಿತೇ ಎಂದು ಯೋಚಿಸುವವರು ಎಷ್ಟೋ ಜನ ಇರುತ್ತಾರೆ. ನಾನೂ ಹಾಗೇ ಕೂತಿದ್ದವನು.

ನಾನು ಈ ಸೀಮೆಯ ಅಗ್ನಿಶಾಮಕ ಠಾಣೆಯೊಂದರಲ್ಲಿ ಚಾಲಕ. ಚಾಲಕ ಎಂದರೆ ಬರೀ ಸ್ಟೀರಿಂಗು ತಿರುಗಿಸುವವನಲ್ಲ. ಗಾಡಿ ನಿಂತ ಮೇಲೆ ಪಂಪು ನಡೆಸುವವನೂ ಅವನೇ. ಬೆಂಕಿಯ ಹತ್ತಿರ ಹೋದವರ ಕೈಯಲ್ಲಿರುವ ಪೈಪಿಗೆ ನೀರು ಎಷ್ಟು ರಭಸದಲ್ಲಿ ಬೇಕೋ ಅಷ್ಟು ಕೊಡುತ್ತ ಅವನು ಗಾಡಿಯ ಪಕ್ಕದಲ್ಲೇ ನಿಂತಿರಬೇಕು. ನನಗೆ ಆ ಕೆಂಪು ಗಾಡಿ ಎಂದರೆ ಪ್ರಾಣ. ಗಂಟೆ ಹೊಡೆದ ಕೂಡಲೇ ಓಡಿಹೋಗಿ ಹತ್ತಿ ಕೂತು ಕೀಲಿ ತಿರುಗಿಸುವಾಗಿನ ಆ ಗುಡುಗು ಕೇಳಿದರೆ ಸಾಕು, ಮೈಯಲ್ಲಿ ಎಲ್ಲಿದ್ದ ನೋವೂ ಮರೆತುಹೋಗುತ್ತಿತ್ತು. "ಮದ್ವೆ ಅದ್ರ ಜೊತೆನೇ ಆಗ್ಬೇಕಿತ್ತು ನೀವು" ಎಂದು ಹೆಂಡತಿ ಸವಿತ ಆಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕಿರುಗಾವಲಿನ ಕಡೆಯಿಂದ ಕರೆ ಬಂತು. ಆಲೆಮನೆಗಳಿಗೆ ಸಾಮಾನು ಮಾರುವ ವ್ಯಾಪಾರಿಯೊಬ್ಬನ ಶೆಡ್ಡಿನಲ್ಲಿ ಹೊಗೆ ಏಳುತ್ತಿದೆ ಎಂದರು. "ಒಳ್ಗಡೆ ಔಸ್ದಿ ಮೂಟೆ ಅವೆ, ಬಿರ್ರನೆ ಬನ್ನಿ" ಎಂದು ಫೋನಿನಲ್ಲಿ ಕೂಗಿದ್ದರಂತೆ. ನಮ್ಮ ಕಡೆ ಔಸ್ದಿ ಎಂಬ ಒಂದೇ ಮಾತಿನೊಳಗೆ ಏನೆಲ್ಲ ತುಂಬಿಕೊಂಡಿದೆ ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಕೆಮ್ಮಿಗೆ ಕುಡಿಯುವುದೂ ಔಸ್ದಿ, ಕಬ್ಬಿನ ಹುಳಕ್ಕೆ ಹೊಡೆಯುವುದೂ ಔಸ್ದಿ, ಇಲಿಗೆ ಇಡುವುದೂ ಔಸ್ದಿ, ಹಸುವಿನ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಹುಯ್ಯುವುದೂ ಔಸ್ದಿ. ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕೆಲವರು ಕೊಪ್ಪರಿಗೆಗೆ ಹಾಕುವ ಬಿಳಿ ಪುಡಿಯೂ ಔಸ್ದಿಯೇ.

ನಾವು ಹುಳದ ಔಸ್ದಿ ಎಂದುಕೊಂಡೆವು. ಅದಕ್ಕೆ ಬೇಕಾದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡೆವು. ನನ್ನ ಗೆಳೆಯ ನಾಗರಾಜ ಮತ್ತು ಇನ್ನೊಬ್ಬ ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಪೈಪು ಹಿಡಿದು ಒಳಗೆ ನುಗ್ಗಿದರು. ನಾನು ಗಾಳಿಯ ದಿಕ್ಕು ನೋಡಿಯೇ ಗಾಡಿ ನಿಲ್ಲಿಸಿದ್ದೆ. ಆದರೆ ಒಳಗಿದ್ದದ್ದು ಬೆಲ್ಲಕ್ಕೆ ಹಾಕುವ ಆ ಬಿಳಿ ಪುಡಿ. ಅದು ನೀರಿಗೆ ಆರುವ ವಸ್ತುವಲ್ಲ. ನೀರು ಸೋಕಿದರೆ ತಾನೇ ಕಾದು ಹೊಗೆ ಕಾರುವ ವಸ್ತು. ಹಿಂದಿನ ದಿನದ ಮಳೆಗೆ ಶೀಟು ಸೋರಿ ಮೂಟೆ ನೆನೆದದ್ದರಿಂದಲೇ ಬೆಂಕಿ ಹತ್ತಿತ್ತು ಎಂದು ಆಮೇಲೆ ತಿಳಿಯಿತು. ಅದರ ಮೇಲೆ ನಾವು ಇನ್ನಷ್ಟು ನೀರು ಬಿಟ್ಟಿದ್ದೆವು.

ಹೊಗೆ ಕಪ್ಪಗಿರಲಿಲ್ಲ. ಬೆಳ್ಳಗಿತ್ತು. ಹೀಗೆ ಹೇಳಬಾರದು, ಆದರೂ ನೋಡಲು ಬಹಳ ಚೆನ್ನಾಗಿತ್ತು. ಚಳಿಗಾಲದ ಬೆಳಿಗ್ಗೆ ಗದ್ದೆಯ ಮೇಲೆ ಮಲಗಿರುವ ಮಂಜಿನ ಹಾಗೆ ನೆಲ ಹಿಡಿದು, ಅವಸರವಿಲ್ಲದೆ ಹರಿದು ಬಂತು. ಅದರೊಳಗಿಂದ ಬೆಂಕಿಕಡ್ಡಿ ಗೀರಿದಂಥ ವಾಸನೆ. ನಮ್ಮ ಸಾಹೇಬರು ಕೈ ಮೈಕಿನಲ್ಲಿ ಮನೆಮನೆಯವರನ್ನು ಹೊರಡಿಸುತ್ತಿದ್ದರು. ಒದ್ದೆ ಟವೆಲ್ಲು, ಸೀರೆಯ ಸೆರಗು ಮೂಗಿಗೆ ಒತ್ತಿಕೊಂಡ ಜನ ಕಬ್ಬಿನ ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋಗುತ್ತಿದ್ದರು. ಒಬ್ಬ ಹೆಂಗಸು ಎಮ್ಮೆಯ ಮೂಗಿಗೂ ಒದ್ದೆ ಬಟ್ಟೆ ಹಿಡಿದು ನಡೆಸಿಕೊಂಡು ಹೋದಳು. ನೆನೆಸಿಕೊಂಡರೆ ಅದು ನನ್ನ ಕಣ್ಣ ಮುಂದೆ ನಡೆದದ್ದೋ, ಆಮೇಲೆ ಜ್ವರದಲ್ಲಿ ಕಂಡದ್ದೋ ಎಂದು ಅನುಮಾನವಾಗುತ್ತದೆ.

ಅಷ್ಟರಲ್ಲಿ ಗಾಳಿ ತಿರುಗಿತು. ಮಂಜು ನನ್ನ ಕಡೆ ಬಂತು. ಪಂಪು ಬಿಟ್ಟು ಓಡುವಂತಿರಲಿಲ್ಲ. ನಾಗರಾಜ ಇನ್ನೂ ಒಳಗಿದ್ದ, ಅವನ ಪೈಪಿಗೆ ಹೋಗುವ ನೀರು ನನ್ನ ಕೈಯಲ್ಲಿತ್ತು. ಟವೆಲ್ಲು ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ನಿಂತೆ. ಎಳೆದು ಹೊರಗೆ ಹಾಕಿದ ಒಂದು ಮೂಟೆಯ ಮೇಲಿನ ಅಕ್ಷರ ಓದಿದ ಸಾಹೇಬರು "ನೀರು ನಿಲ್ಲಿಸು, ನೀರು ನಿಲ್ಲಿಸು" ಎಂದು ಕೂಗಿದ್ದು ಕೇಳಿತು. ನಿಲ್ಲಿಸಿದೆ. ನಾಗರಾಜ ಹೊರಗೆ ಬಂದದ್ದನ್ನು ನೋಡಿದೆ. ಆಮೇಲೆ ಬೆಂಕಿಯ ಮೇಲೆ ಒಣ ಮರಳು ಸುರಿದರಂತೆ, ಸಂಜೆಯ ಹೊತ್ತಿಗೆ ಎಲ್ಲ ತಣ್ಣಗಾಯಿತಂತೆ. ಅದೆಲ್ಲ ಅಂತೆ ಅಂತೆ. ನನ್ನ ಪಾಲಿಗೆ ಆಗ ಆಕಾಶವೇ ಇಳಿದು ಬಂದು ಎದೆಯ ಮೇಲೆ ಕೂತಿತ್ತು.

ಆಂಬುಲೆನ್ಸಿನಲ್ಲಿ ನಾಗರಾಜ ನನ್ನ ಪಕ್ಕ ಕೂತು ಬೆಳಕವಾಡಿಯಲ್ಲಿದ್ದ ಅವ್ವನಿಗೆ ಫೋನು ಮಾಡಿದ. ಸೈರನ್ನು ಬಡಿದುಕೊಳ್ಳುತ್ತಿತ್ತು. "ಏನೂ ಗಾಬ್ರಿ ಆಗ್ಬ್ಯಾಡ ಕಣವ್ವ, ಪುಟ್ಟಸ್ವಾಮಿ ಔಸ್ದಿ ಒಗೆ ಕುಡ್ದವ್ನೆ, ಮಂಡ್ಯಕ್ಕೆ ಕರ್ಕೊಂಡ್ ಓಯ್ತಾ ಇದೀವಿ" ಎಂದ. ಅವ್ವನಿಗೆ ಮಧ್ಯದ ಒಂದು ಮಾತು ಕೇಳಲಿಲ್ಲ. ಒಗೆ, ಅಂದರೆ ಹೊಗೆ, ಅನ್ನುವುದು ಸೈರನ್ನಿನಲ್ಲಿ ಮುಳುಗಿಹೋಯಿತು. ನಮ್ಮ ಕಡೆ ಒಬ್ಬರು ಔಸ್ದಿ ಕುಡಿದರು ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಅವ್ವ ಬೀದಿಯಲ್ಲಿ ಎದೆ ಹೊಡೆದುಕೊಂಡು ಅತ್ತಳು. ಊರಿಗೆ ಊರೇ ತಿಳಿಯಲು ಇನ್ನೇನು ಬೇಕು?

ಅವ್ವ ಮಂಡ್ಯದ ಆಸ್ಪತ್ರೆಗೆ ಬಂದಿಳಿದಾಗ ಸವಿತ ಬಾಗಿಲಲ್ಲೇ ನಿಂತಿದ್ದಳಂತೆ. "ಏನಂದೆ ಕಣಮ್ಮಿ ನನ್ ಮಗುಂಗೆ? ಏನಂದ್ರೆ ಅವ್ನು ಇಂಗ್ ಮಾಡ್ಕತನೆ?" ಎಂದು ಅವ್ವ ಅವಳ ರಟ್ಟೆ ಹಿಡಿದು ಅಲ್ಲಾಡಿಸಿದಳಂತೆ. ಸವಿತಳಿಗೆ ಠಾಣೆಯಿಂದ ಸರಿಯಾದ ಸುದ್ದಿಯೇ ಹೋಗಿತ್ತು. ಆದರೂ ಒಂದು ಕ್ಷಣ ಅವಳಿಗೂ ಗಾಬರಿಯಾಗಿ, ಬೆಳಿಗ್ಗೆ ಬಸ್ಸಾರು ಸಪ್ಪೆ ಎಂದ ನನ್ನನ್ನು ತಾನು ಬೈದದ್ದೇ ಹೆಚ್ಚಾಯಿತೇ ಎಂದು ಯೋಚಿಸಿದಳಂತೆ. ಇದನ್ನು ಹೇಳಿಕೊಂಡು ನಾವಿಬ್ಬರೂ ಎಷ್ಟು ಸಲ ನಕ್ಕಿದ್ದೇವೋ ಲೆಕ್ಕವಿಲ್ಲ. ಅವತ್ತು ಮಾತ್ರ ಯಾರೂ ನಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆಗತಾನೆ ಕೆಲಸಕ್ಕೆ ಬಂದ ನರ್ಸೊಬ್ಬರು ಅಳುತ್ತಿದ್ದ ಅವ್ವನನ್ನು ಏನಾಯಿತಮ್ಮ ಎಂದು ಕೇಳಿದ್ದಾರೆ. "ಔಸ್ದಿ ಕುಡ್ದ್ಬುಟ್ಟ ಕಣವ್ವ ನನ್ ಕಂದ" ಎಂದು ಅವ್ವ ಹೇಳಿದ್ದಾಳೆ. ನಾನು ಆಮ್ಲಜನಕದ ಮಾಸ್ಕಿನೊಳಗೆ ತೇಲುತ್ತಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಟ್ರೇ, ಅದರಲ್ಲಿ ಹೊಟ್ಟೆ ತೊಳೆಯುವ ಕೊಳವೆ. ನಾನು ಬೇಡ ಬೇಡ ಎಂದು ಎರಡೂ ಕೈ ಆಡಿಸಿದೆ.

"ಹಠ ಮಾಡಬೇಡಿ. ಎಲ್ಲರೂ ಮೊದಲು ಹೀಗೇ ಬೇಡ ಅಂತಾರೆ" ಎಂದರು ನರ್ಸು, ತುಂಬ ಅಕ್ಕರೆಯಿಂದ.

ಮುಖ ತೊಳೆಯಲು ಹೋಗಿದ್ದ ನಾಗರಾಜ ಓಡಿ ಬಂದ. "ಅಕ್ಕ, ಅಕ್ಕ, ತಡೀರಿ! ಅವ್ನು ಕುಡ್ದಿರದು ಔಸ್ದಿ ಅಲ್ಲ, ಔಸ್ದಿ ಒಗೆ! ಒಗೆ!"

ನರ್ಸಿಗೆ ನಗು ಬಂತು, ಅವರು ಹಣೆ ಚಚ್ಚಿಕೊಂಡು ಟ್ರೇ ಎತ್ತಿಕೊಂಡು ಹೋದರು. ಅವ್ವ ಮಾತ್ರ ನಂಬಲಿಲ್ಲ. ಗೆಳೆಯ ಮಾನ ಮುಚ್ಚಲು ಹಾಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಕಿವಿಯ ಹತ್ತಿರ ಬಗ್ಗಿ, "ಯಾರ್ ಏನಂದ್ರೂ ನಾನಿಲ್ವೇನ್ಲಾ ಮಗ" ಎಂದಳು. ಆಗ ನನಗೆ ಅಳು ಬಂತು. ಔಷಧಿ ಕುಡಿಯದಿದ್ದರೂ ಆ ಮಾತು ನನಗೇ ಬೇಕಾಗಿತ್ತು ಅನ್ನಿಸಿತು.

ಆಮೇಲಿನ ದಿನಗಳು ಒಂದಕ್ಕೊಂದು ಕಲಸಿಹೋಗಿವೆ. ಎಚ್ಚರ ಯಾವುದು ನಿದ್ದೆ ಯಾವುದು ಎಂಬ ಗೆರೆ ಅಳಿಸಿಹೋಗಿತ್ತು. ವಾರ್ಡಿನ ಬಿಳಿ ಗೋಡೆ ಮೆಲ್ಲಗೆ ಹರಿಯತೊಡಗುತ್ತಿತ್ತು. ಕಬ್ಬಿನ ಸೂಲಂಗಿಗಳು, ಆ ಬೆಳ್ಳನೆಯ ಹೂತೆನೆಗಳು, ಹಾಸಿಗೆಯ ಸುತ್ತ ಬೆಳೆದು ನಿಂತು ಫ್ಯಾನಿನ ಗಾಳಿಗೆ ಓಲಾಡುತ್ತಿದ್ದವು. ನಾನು ಗಾಡಿ ಓಡಿಸುತ್ತಿದ್ದೆ, ಆದರೆ ರಸ್ತೆಯ ಮೇಲಲ್ಲ, ನಾಲೆಯ ನೀರಿನ ಮೇಲೆ. ಸೈರನ್ನಿನ ಸದ್ದೇ ಇರಲಿಲ್ಲ, ದಡದ ಮೇಲಿನ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೈ ಬೀಸುತ್ತಿದ್ದರು. ಉಸಿರು ನಮ್ಮ ನಾಲೆಯ ಕಟ್ಟು ನೀರಿನ ಹಾಗೆ ಸರದಿಯ ಮೇಲೆ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಡುತ್ತಿದ್ದರು, ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ನಿಲ್ಲಿಸಿದಾಗ ಸವಿತಳ ಕೈ ಹುಡುಕುತ್ತಿದ್ದೆ, ಅದು ಅಲ್ಲೇ ಇರುತ್ತಿತ್ತು.

ಭಯವಾಗಲಿಲ್ಲವೇ ಎಂದು ಕೇಳುತ್ತಾರೆ. ಆಯಿತು. ಸಾಯುವ ಭಯಕ್ಕಿಂತ ಮೊದಲು ಆದದ್ದು ಇನ್ನೊಂದು ಭಯ. ಕನಸಿನ ಗಾಡಿಯಿಂದ ಇಳಿದು ಎಚ್ಚರಾದಾಗಲೆಲ್ಲ, ಇನ್ನು ನಾನು ನಿಜವಾದ ಗಾಡಿ ಹತ್ತುವುದು ಕನಸೇ ಏನೋ ಅನ್ನಿಸುತ್ತಿತ್ತು.

ಡಾಕ್ಟರಮ್ಮ ಮಾತು ಕಡಿಮೆ ಆಡುವವರು. ಉಸಿರಿನ ಕೊಳವೆಗಳ ಒಳಮೈ ಸುಟ್ಟಿದೆ, ವಾಸಿಯಾಗುತ್ತದೆ, ಎಷ್ಟು ವಾಸಿಯಾಗುತ್ತದೆ ಎಂದು ಈಗಲೇ ಹೇಳಲಾರೆ ಎಂದರು.

"ಗಾಡಿ ಹತ್ಬೌದಾ ಮೇಡಂ?" ಎಂದೆ. ನನ್ನ ಮೊದಲ ಪ್ರಶ್ನೆಯೇ ಅದು.

"ಕೆಲವು ತಿಂಗಳು ಹೋಗಲಿ. ಊದುವ ಪರೀಕ್ಷೆ ಮಾಡೋಣ. ಅದು ಹೇಳುತ್ತದೆ."

ಅಲ್ಲಿಂದ ನನ್ನ ಬದುಕೆಲ್ಲ ಆ ಪರೀಕ್ಷೆಯ ಕಡೆಗೇ ಹೊರಟಿತು. ಪಾಸಾದರೆ ಗಾಡಿ, ಇಲ್ಲವಾದರೆ ಮೇಜಿನ ಮುಂದಿನ ಕೆಲಸ. ಆಸ್ಪತ್ರೆಯವರು ಕೊಟ್ಟ ಒಂದು ಪ್ಲಾಸ್ಟಿಕ್ಕಿನ ಡಬ್ಬ ಇತ್ತು, ಒಳಗೆ ಮೂರು ಬಣ್ಣದ ಗುಂಡುಗಳು. ಕೊಳವೆ ಬಾಯಿಗಿಟ್ಟು ಉಸಿರೆಳೆದರೆ ಗುಂಡು ಮೇಲೇಳಬೇಕು. ಠಾಣೆಯ ವಸತಿಗೃಹದ ಹೊಸ್ತಿಲ ಮೇಲೆ ಕೂತು ನಾನು ಎಳೆಯುವುದೇ ಎಳೆಯುವುದು. ಮೊದಲ ಗುಂಡು ಸೋಂಬೇರಿಯ ಹಾಗೆ ಸ್ವಲ್ಪ ಎದ್ದು ಕೂತುಬಿಡುತ್ತಿತ್ತು. "ದೊಡ್ಡ ಗಂಡ್ಸು ಆಟ್ಸಾಮಾನು ಇಟ್ಕಂಡ್ ಕೂತವ್ನೆ" ಎಂದು, ನನ್ನನ್ನು ನೋಡಿಕೊಳ್ಳಲು ಬಂದಿದ್ದ ಅವ್ವ ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಎಷ್ಟು ಉದ್ದದ ಉಸಿರು ಅವಳದು!

ಚೆಕಪ್ಪಿಗೆ ಮಂಡ್ಯಕ್ಕೆ ಹೋದಾಗಲೆಲ್ಲ ಬೆಂಚಿನ ಮೇಲೆ ಗೂರಲಿನ ಒಬ್ಬ ಮುದುಕರು ಸಿಗುತ್ತಿದ್ದರು, ಮದ್ದೂರಿನ ಕಡೆಯವರು. ಇಬ್ಬರ ಎದೆಯೂ ಸಿಳ್ಳೆ ಹೊಡೆಯುತ್ತಿತ್ತು, ನನ್ನದು ಸಣ್ಣ ದನಿ, ಅವರದು ದಪ್ಪ ದನಿ. "ಬತ್ತಾ ಬತ್ತಾ ಸ್ರುತಿ ಕೂಡ್ತಾ ಅದೆ ಕಣಪ್ಪ ನಮ್ದು" ಎಂದು ಅವರು ನಗಿಸುತ್ತಿದ್ದರು. ನಗಬಾರದು, ನಕ್ಕರೆ ಕೆಮ್ಮು. ಆದರೂ ಇಬ್ಬರೂ ನಕ್ಕು, ಕೆಮ್ಮಿ, ಒಬ್ಬರ ಬೆನ್ನು ಇನ್ನೊಬ್ಬರು ಸವರುತ್ತಿದ್ದೆವು. ಅವರ ಹೆಸರು ಕೇಳಿದ ನೆನಪೇ ಇಲ್ಲ. ಕಾಯುವ ಬೆಂಚಿನ ಮೇಲೆ ಹೆಸರು ಬೇಕಾಗುವುದೂ ಇಲ್ಲ.

ಸವಿತಳ ತವರು ಮದ್ದೂರಿನ ಹತ್ತಿರದ ವೈದ್ಯನಾಥಪುರ. ಅಲ್ಲಿನ ವೈದ್ಯನಾಥೇಶ್ವರ ಕಾಯಿಲೆಯವರ ದೇವರು ಎಂದು ನಂಬಿಕೆ. ನನ್ನನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಸೋಮವಾರಗಳಂದು ಅವಳು ತಪ್ಪದೆ ಅಲ್ಲಿಗೆ ಹೋಗಿ ಬರುತ್ತಿದ್ದಳು. ಹರಕೆ ಏನು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಹೇಳಿದರೆ ಫಲಿಸುವುದಿಲ್ಲ ಎನ್ನುತ್ತಿದ್ದಳು. ಅವಳು ತಂದ ವಿಭೂತಿಯನ್ನು ನಾನು ಎದೆಗೂ ಹಚ್ಚಿಕೊಂಡು, ಗಂಡ ಗಾಡಿ ಹತ್ತಲಿ ಎಂದು ಇಷ್ಟು ದೂರ ಹೋಗಿಬರುತ್ತಾಳಲ್ಲ ಎಂದು ಮನಸ್ಸಿನಲ್ಲೇ ಕರಗುತ್ತಿದ್ದೆ. ಎರಡನೆಯ ಗುಂಡು ಎದ್ದ ದಿನ ನಾನು ಕೂಗಿ ಕರೆದೆ. ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. ನೋಡಿದಳು. "ಚೆನ್ನಾಗದೆ" ಎಂದು ಹೇಳಿ ಒಳಗೆ ಹೋದಳು. ನನಗೆ ಸ್ವಲ್ಪ ಪಿಚ್ಚೆನಿಸಿತು.

ಪರೀಕ್ಷೆಯ ದಿನ ಮೂಗಿಗೆ ಕ್ಲಿಪ್ಪು ಹಾಕಿ ಕೊಳವೆ ಬಾಯಿಗೆ ಕೊಟ್ಟರು. ಊದಿ, ಊದಿ, ಊದಿ, ಇನ್ನೂ ಊದಿ ಎಂದು ಅಲ್ಲಿನ ಹುಡುಗಿ ಕ್ರಿಕೆಟ್ಟು ನೋಡುವವರ ಹಾಗೆ ಹುರಿದುಂಬಿಸುತ್ತಿದ್ದಳು. ನಾನು ಕಣ್ಣು ಮುಚ್ಚಿದೆ. ಎಲ್ಲವೂ ಮತ್ತೆ ಬೆಳ್ಳಗಾಯಿತು. ಆ ಬಿಳುಪಿನಾಚೆ ನನ್ನ ಗಾಡಿ ನಿಂತಿತ್ತು, ಊದಿದಷ್ಟೂ ಹತ್ತಿರವಾಗುತ್ತಿತ್ತು. ಬಾಗಿಲ ಹಿಡಿಯ ಹತ್ತಿರ ಕೈ ಹೋಯಿತು ಎನ್ನುವಷ್ಟರಲ್ಲಿ ಉಸಿರು ಮುಗಿಯಿತು.

ಡಾಕ್ಟರಮ್ಮ ಕಾಗದ ನೋಡಿ, ಕನ್ನಡಕ ತೆಗೆದು, ನೇರವಾಗಿ ಹೇಳಿದರು. "ನೀವು ಚೆನ್ನಾಗಿ ಬದುಕುತ್ತೀರಿ. ನಡೀತೀರಿ, ಮೆಟ್ಟಿಲು ಹತ್ತುತ್ತೀರಿ, ಹೊಲ ಮಾಡ್ತೀರಿ. ಆದರೆ ಹೊಗೆಯ ಹತ್ತಿರ ಇನ್ನೊಂದು ಸಲ ಹೋಗಬೇಡಿ. ಗಾಡಿ ಬೇಡ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಮಂಡ್ಯ ದಾಟಿತು. ಹೊರಗೆ ಕಬ್ಬು, ಭತ್ತ, ಮತ್ತೆ ಕಬ್ಬು. ಕಣ್ಣು ಒರೆಸಿಕೊಳ್ಳುತ್ತ ತಿರುಗಿದರೆ ಸವಿತಳೂ ಅಳುತ್ತಿದ್ದಳು.

"ಓಗ್ಲಿ ಬುಡು. ನಿನ್ ಹರ್ಕೆ ಫಲಿಸ್ಲಿಲ್ಲ, ಅದ್ಕೇನ್ ಮಾಡಕಾಯ್ತದೆ" ಎಂದೆ.

"ಫಲಿಸ್ತು" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿಮ್ಗೆ ಉಸ್ರು ಬರ್ಲಿ, ಉಣ್ಣಕೆ, ಮನೀಕಳಕೆ, ಓಡಾಡಕೆ ಎಷ್ಟು ಬೇಕೋ ಅಷ್ಟೂ ಬರ್ಲಿ, ಗಾಡಿ ಅತ್ತಿ ಓಗೋ ಅಷ್ಟು ಮಾತ್ರ ಕೊಡ್ಬ್ಯಾಡ ಸಿವ್ನೆ ಅಂತ ಕೇಳ್ಕಂಡಿದ್ದೆ. ಬೈಯಂಗಿದ್ರೆ ಬೈಯ್ಕಳಿ."

ನಾನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮದ್ದೂರು ಬಂತು, ವಡೆ ಮಾರುವವರು ಹತ್ತಿ ಇಳಿದರು, ಬಸ್ಸು ಮಳವಳ್ಳಿಯ ರಸ್ತೆಗೆ ತಿರುಗಿತು, ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಎಂಥ ಸಿಟ್ಟು ಅದು! ಇಷ್ಟು ದಿನ ನಾನು ಗುಂಡು ಮೇಲೆಳೆಯುತ್ತಿದ್ದರೆ ನನ್ನ ಹೆಂಡತಿ ದೇವರ ಮುಂದೆ ಕೂತು ಅದನ್ನು ಕೆಳಗೆಳೆಯುತ್ತಿದ್ದಳು. ಅದೂ ಎಷ್ಟು ಅಳತೆ ಮಾಡಿ! ಸೇರಿನಲ್ಲಿ ಅಳೆದು ಕೇಳಿದ್ದಾಳೆ, ದೇವರೂ ಗೀಟು ಹಾಕಿ ಅಷ್ಟೇ ಕೊಟ್ಟಿದ್ದಾನೆ. ನಮ್ಮ ಠಾಣೆಯಿರುವ ಮಳವಳ್ಳಿಯಲ್ಲಿ ಇಳಿಯುವಾಗ ಅವಳು ಕೈಚೀಲ ನನಗೆ ಕೊಡದೆ ತಾನೇ ಹಿಡಿದುಕೊಂಡಳು. ಕಿತ್ತುಕೊಂಡು ನಾನೇ ಹಿಡಿದೆ. ಆ ಸಿಟ್ಟು ಇದ್ದ ಅಷ್ಟೂ ದಿನ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ.

ಈಗ ನನ್ನನ್ನು ವಾಚ್ ರೂಮಿಗೆ ಹಾಕಿದ್ದಾರೆ. ಠಾಣೆಗೆ ಬರುವ ಕರೆಯನ್ನು ತೆಗೆದುಕೊಂಡು ಗಂಟೆ ಹೊಡೆಯುವ ಕೋಣೆ ಅದು. ಎಲ್ಲಿ, ಏನು, ಎಷ್ಟು ಜನ ಎಂದು ಕೇಳಬೇಕು. ಔಸ್ದಿ ಎಂದರೆ ನಾನು ಬಿಡುವುದಿಲ್ಲ. ಕುಡಿಯೋದಾ, ಹೊಡೆಯೋದಾ, ಹಾಕೋದಾ, ಮೂಟೆ ಮೇಲೆ ಏನು ಬರೆದಿದೆ ಎಂದು ಪ್ರಾಣ ತಿನ್ನುತ್ತೇನೆ. "ವಕೀಲ್ರು ಆಗ್ಬೇಕಿತ್ತು ಕಣ್ಲಾ ನೀನು" ಎಂದು ನಾಗರಾಜ ರೇಗಿಸುತ್ತಾನೆ.

ಅಲ್ಲಿ ಕೂತ ಮೊದಲ ವಾರದಲ್ಲೇ ಒಂದು ಕರೆ ಬಂತು. ಹೆದ್ದಾರಿಯಲ್ಲಿ ಟ್ಯಾಂಕರು ಮಗುಚಿದೆ, ಏನೋ ಸೋರುತ್ತಿದೆ, ಕಣ್ಣು ಉರಿಯುತ್ತಿದೆ ಎಂದರು. ಕೇಳಬೇಕಾದದ್ದನ್ನೆಲ್ಲ ಕೇಳಿ ಗಂಟೆ ಹೊಡೆದೆ. ನನ್ನ ಜಾಗದಲ್ಲಿ ಬೇರೆಯವರು ಕೂತರು. ನಾಗರಾಜ ಹಿಂದೆ ಹತ್ತಿದ. ಆ ಗುಡುಗು ಎದ್ದು, ದೂರವಾಗಿ, ಇಲ್ಲವಾಯಿತು. ಅಂಗಳದಲ್ಲಿ ಬಿಸಿಲು ಮಾತ್ರ ಉಳಿಯಿತು. ನಾನು ಕುರ್ಚಿಗೆ ಬಂದು ಕೂತೆ. ಕೈಗೆ ಏನೂ ಕೆಲಸವಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಕಿಟಕಿಯಲ್ಲಿ ಬಗ್ಗಿ ಬೇವಿನ ಮರ ನೋಡಿದೆ. ವೈರ್‌ಲೆಸ್ಸಿನಲ್ಲಿ ಸದ್ದಿಲ್ಲ. ಎದ್ದೆ, ಕೂತೆ. ಬೆಂಕಿಯ ಮುಂದೆ ನಿಂತಾಗ ನನಗೆ ಹೀಗೆ ಯಾವತ್ತೂ ಆಗಿರಲಿಲ್ಲ. ನಾನು ಗಾಡಿ ಹತ್ತಿ ಹೋದ ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಒಬ್ಬಳು ಹೀಗೆ ಎದ್ದು ಕೂತು ಮಾಡಿದ್ದಳು.

ಕರೆಯ ಫೋನು ಖಾಲಿ ಇರಬೇಕು, ಅದನ್ನು ಮುಟ್ಟಲಿಲ್ಲ. ನನ್ನ ಮೊಬೈಲಿನಿಂದ ಮನೆಗೆ ಮಾಡಿದೆ.

"ಏನ್ ಮಾಡ್ತಾ ಇದೀಯೆ?" ಎಂದೆ.

ಅವಳು ಕೇಳಿದಳು, "ಗಾಡಿ ಓಯ್ತಾ?"

"ಊಂ. ನಾಗರಾಜ ಓಗವ್ನೆ."

ಅವಳ ಕಡೆಯಿಂದ ಒಲೆ ಆರಿಸಿದ ಸದ್ದು, ಸ್ಟೂಲು ಎಳೆದುಕೊಂಡ ಸದ್ದು ಕೇಳಿತು.

"ಮಾತಾಡ್ಬ್ಯಾಡಿ, ಕೆಮ್ಮು ಬತ್ತದೆ" ಎಂದಳು. "ಫೋನು ಸುಮ್ನೆ ಕಿವೀಗ್ ಇಟ್ಕಂಡಿರಿ. ಅವ್ರು ಬರೋಗಂಟ ನಾನು ಇಲ್ಲೇ ಇರ್ತೀನಿ."